ಆಸನವೂ ದೀಪವೂ

ನಮ್ಮ ಪಟ್ಟಣಗಳ ಮನೆಗಳಲ್ಲಿ ಸೋಫಾ ಮತ್ತು ದೀಪ ಒಂದೇ ಕೋಣೆಯಲ್ಲಿ ವಾಸಿಸುತ್ತವೆ. ಆದರೆ ಅವೆರಡಕ್ಕೂ ಪರಸ್ಪರ ಪರಿಚಯವಿರುವುದಿಲ್ಲ. ದೀಪದ ಸ್ಥಾನವನ್ನು ನಿಶ್ಚಯಿಸುವವನು ವೈರಿಂಗ್ ಕೆಲಸದವನು. ಗೋಡೆಗೆ ಗಾರೆ ಮೆತ್ತುವ ಮೊದಲೇ ಅವನು ಬಂದು, ಚಾವಣಿಯ ನಡುವೆ ಫ್ಯಾನು, ಗೋಡೆಯ ನೆತ್ತಿಯ ಮೇಲೆ ಟ್ಯೂಬ್‌ಲೈಟು ಎಂದು ಗುರುತು ಹಾಕಿ ಹೋಗುತ್ತಾನೆ. ಸೋಫಾ ಬರುವುದು ಗೃಹಪ್ರವೇಶವಾದ ಮೇಲೆ. ಅದರ ಸ್ಥಾನವನ್ನು ನಿಶ್ಚಯಿಸುವುದು ಖಾಲಿ ಉಳಿದ ಗೋಡೆಯ ಉದ್ದ, ಇಲ್ಲವೆ ಟೆಲಿವಿಷನ್ನು. ಹೀಗೆ ಒಂದನ್ನು ಬಿಟ್ಟು ಒಂದು ಬಂದು ನೆಲಸಿದ ಈ ಎರಡು ವಸ್ತುಗಳ ನಡುವೆ ಕುಳಿತು, ಮನೆಯವರು ಓದಬೇಕು, ಹರಟಬೇಕು, ಹೊಲಿಗೆ ಹಾಕಬೇಕು, ವಿಶ್ರಮಿಸಬೇಕು. ಅನೇಕ ಮನೆಗಳಲ್ಲಿ ಅತ್ಯಂತ ಸುಖಕರವಾದ ಆಸನಕ್ಕೆ ಅತ್ಯಂತ ಕೆಟ್ಟ ಬೆಳಕು ದೊರೆತಿರುವುದನ್ನು ನಾನು ಕಂಡಿದ್ದೇನೆ. ಇವೆರಡನ್ನು ಜೋಡಿಮಾಡುವ ಬಗೆ ಹೇಗೆ ಎಂಬುದೇ ಈ ಹೊತ್ತಿನ ನನ್ನ ಮಾತು.

ಹಿಂದೆ ಹೀಗಿರಲಿಲ್ಲ. ಹಳೆಯ ಮನೆಗಳಲ್ಲಿ ಆಸನ ಸ್ಥಿರ, ದೀಪ ಚರ. ಜಗಲಿ ಎಲ್ಲಿಗೂ ಹೋಗುತ್ತಿರಲಿಲ್ಲ. ಲಾಟೀನು ಮಾತ್ರ ಸಂಜೆಯಾದರೆ ಜಗಲಿಗೆ, ಉಣ್ಣುವ ಹೊತ್ತಿಗೆ ಅಡುಗೆಮನೆಗೆ, ಮಕ್ಕಳು ಓದುವಾಗ ನಡುಮನೆಯ ಚಾಪೆಗೆ ಸಂಚರಿಸುತ್ತಿತ್ತು. ಕೆಲಸವಿದ್ದಲ್ಲಿಗೆ ಬೆಳಕು ಹೋಗುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. ಅನಂತರ ಮೆಲ್ಲಮೆಲ್ಲನೆ ಮನೆಗಳನ್ನು ಹೊಕ್ಕಿತು. ಅಂದಿನಿಂದ ಕ್ರಮ ತಲೆಕೆಳಗಾಯಿತು. ದೀಪ ಗೋಡೆಗೆ ಅಂಟಿತು. ಮನುಷ್ಯನೇ ಅದನ್ನು ಹುಡುಕಿಕೊಂಡು ಹೋಗಬೇಕಾಯಿತು. ಬೆಳಕು ಹೆಚ್ಚಿತು, ನಿಜ. ಆದರೆ ಅದು ಮಡಿಲಿನಿಂದ ಎದ್ದು ನೆತ್ತಿಗೆ ಏರಿತು.

ಸೋಫಾ ಎಂಬ ಮಾತಿನ ಹುಟ್ಟನ್ನು ಇಲ್ಲಿ ನೆನೆಯಬಹುದು. ಅರಬ್ಬಿಯ ‘ಸುಫ್ಫಾ’ ಎಂಬುದು ಅದರ ಮೂಲ. ಹಾಗೆಂದರೆ ಕುಳಿತುಕೊಳ್ಳಲೆಂದು ಎತ್ತರಿಸಿ ಕಟ್ಟಿದ ಕಟ್ಟೆ. ತುರ್ಕಿಯನ್ನು ಹಾದು ಯೂರೋಪಿಗೆ ಹೋಗಿ, ಮೆತ್ತೆ ದಿಂಬುಗಳನ್ನು ಹೊದ್ದು, ಕಾಲು ಮೂಡಿಸಿಕೊಂಡು ಅದು ನಮ್ಮ ಹಜಾರಕ್ಕೆ ಬಂದಿದೆ. ಮೂಲವನ್ನು ನೋಡಿದರೆ ಅದು ನಮ್ಮ ಜಗಲಿಯ ನೆಂಟನೇ ಸರಿ. ಜಗಲಿಗೆ ಹಗಲಿನಲ್ಲಿ ಬೀದಿಯ ಬೆಳಕು ಪಕ್ಕದಿಂದ ಬರುತ್ತಿತ್ತು, ಇರುಳಿನಲ್ಲಿ ಗೋಡೆಯ ಗೂಡಿನ ಹಣತೆಯೂ ಪಕ್ಕದಿಂದಲೇ ಬೆಳಗುತ್ತಿತ್ತು. ಸೋಫಾಗೆ ಆ ಪಕ್ಕದ ಬೆಳಕು ತಪ್ಪಿಹೋಗಿದೆ.

ಕನ್ನಡ ವ್ಯಾಕರಣವನ್ನು ಬಹುಕಾಲ ಪಾಠ ಹೇಳಿದವನಾದುದರಿಂದ ನನಗೆ ಉಪಮಾನವೂ ಅಲ್ಲಿಂದಲೇ ಒದಗುತ್ತದೆ, ಶ್ರೋತೃಗಳು ಸಹಿಸಬೇಕು. ವಾಕ್ಯದ ಕ್ರಿಯಾಪದ ಯಾವುದೆಂದು ತಿಳಿಯದೆ ನಾಮಪದಗಳಿಗೆ ವಿಭಕ್ತಿಯನ್ನು ಹಚ್ಚಲಾಗದು. ‘ಮಲಗು’ ಎಂದರೆ ಮಲಗುವವನೊಬ್ಬನಿದ್ದರೆ ಸಾಕು. ‘ಕೊಡು’ ಎಂದರೆ ಕೊಡುವವನು, ಕೊಡುವ ವಸ್ತು, ಪಡೆಯುವವನು, ಮೂರೂ ಬೇಕು. ಕೋಣೆಯೂ ಹಾಗೆಯೇ. ಸೋಫಾ, ದೀಪ ಇವು ನಾಮಪದಗಳು. ‘ಓದು’ ಎಂಬುದು ಆ ಕೋಣೆಯ ಕ್ರಿಯಾಪದವಾದರೆ ಅವು ಒಂದು ರೀತಿಯಲ್ಲಿ ನಿಲ್ಲಬೇಕು. ‘ಹರಟು’ ಎಂಬುದಾದರೆ ಇನ್ನೊಂದು ರೀತಿಯಲ್ಲಿ. ‘ನೋಡು’ ಎಂಬುದಾದರೆ ಮತ್ತೊಂದು ರೀತಿಯಲ್ಲಿ. ಅಂಗಡಿಗೆ ಹೋಗುವ ಮೊದಲು ಮನೆಯವರು ತಮ್ಮನ್ನು ಕೇಳಿಕೊಳ್ಳಬೇಕಾದುದು ಇದೊಂದನ್ನೇ: ಸಂಜೆ ಆರರಿಂದ ಹತ್ತರವರೆಗೆ ಈ ಕೋಣೆಯಲ್ಲಿ ಯಾರು, ಏನನ್ನು ಮಾಡುತ್ತಾರೆ?

ಓದಿನಿಂದ ಆರಂಭಿಸೋಣ. ಬೆಳಕಿನ ವಿಷಯದಲ್ಲಿ ಭೌತಶಾಸ್ತ್ರದ ಒಂದು ಸರಳ ನಿಯಮವಿದೆ. ದೀಪದಿಂದ ದೂರ ಇಮ್ಮಡಿಯಾದರೆ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮೂರು ಮಡಿಯಾದರೆ ಒಂಬತ್ತನೆಯ ಒಂದು ಭಾಗಕ್ಕೆ. ಚಾವಣಿ ಹತ್ತು ಅಡಿ ಎತ್ತರದಲ್ಲಿದೆ, ಕುಳಿತವರ ಮಡಿಲಿನ ಪುಸ್ತಕ ನೆಲದಿಂದ ಎರಡೂವರೆ ಅಡಿ ಮೇಲಿದೆ ಎನ್ನೋಣ. ಚಾವಣಿಯ ಬಲ್ಬಿಗೂ ಪುಸ್ತಕಕ್ಕೂ ಏಳೂವರೆ ಅಡಿ ಅಂತರ. ಅದೇ ಬಲ್ಬನ್ನು ಎರಡೂವರೆ ಅಡಿ ದೂರಕ್ಕೆ ತಂದರೆ ಅದರಿಂದ ಪುಟಕ್ಕೆ ನೇರವಾಗಿ ಬೀಳುವ ಬೆಳಕು ಒಂಬತ್ತು ಮಡಿ ಹೆಚ್ಚುತ್ತದೆ. ಗೋಡೆಗಳಿಂದ ಮರಳಿ ಬರುವ ಬೆಳಕು ಈ ಲೆಕ್ಕವನ್ನು ತುಸು ಸಡಿಲಿಸೀತು. ಸಾರಾಂಶ ಮಾತ್ರ ಬದಲಾಗದು. ಓದಲು ಬೆಳಕು ಸಾಲದೆಂದು ಚಾವಣಿಯ ಬಲ್ಬನ್ನು ದೊಡ್ಡದು ಮಾಡುವವರು, ಗಿಡವೊಂದಕ್ಕೆ ನೀರೆರೆಯಲು ಇಡೀ ಅಂಗಳವನ್ನು ತೋಯಿಸುವವರಂತೆ.

ಈ ಮಾತು ವಯಸ್ಸಾದವರಿಗೆ ಇನ್ನಷ್ಟು ಮುಖ್ಯ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಯುವಕನ ಅಕ್ಷಿಪಟಲವನ್ನು ಮುಟ್ಟುವ ಬೆಳಕಿನಲ್ಲಿ ಅರವತ್ತರವನಿಗೆ ದಕ್ಕುವುದು ಸುಮಾರು ಮೂರನೆಯ ಒಂದು ಪಾಲು. ನಮ್ಮ ಬೀದಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ. ಮನೆಯ ತುಂಬ ಪುಸ್ತಕ. ಒಮ್ಮೆ ಅವರು, “ಓದಿನ ಋಣ ತೀರಿತು ಪ್ರೊಫೆಸರ್ರೇ, ಹೊತ್ತು ಮುಳುಗಿದ ಮೇಲೆ ಅಕ್ಷರ ಕಾಣಿಸುವುದಿಲ್ಲ” ಎಂದರು. ಕಣ್ಣಿನ ವೈದ್ಯರು ಪೊರೆ ತೆಗೆದು, ಸರಿಯಾದ ಕನ್ನಡಕವನ್ನೂ ಕೊಟ್ಟಿದ್ದರು. ಕಣ್ಣಿನಲ್ಲಿ ದೋಷವಿಲ್ಲವೆಂದೂ ಹೇಳಿದ್ದರು. ಅವರು ಕೂರುವುದು ಎಲ್ಲಿ ಎಂದು ನೋಡಿದೆ. ಹಜಾರದ ದೊಡ್ಡ ಸೋಫಾದ ಮೂಲೆ. ಎದುರು ಗೋಡೆಯ ಮೇಲೆ ಟ್ಯೂಬ್‌ಲೈಟು. ಪುಸ್ತಕವನ್ನು ಎತ್ತಿ ಹಿಡಿದರೆ ಬೆಳಕು ಬೀಳುತ್ತಿದ್ದುದು ಅದರ ಬೆನ್ನಿಗೆ ಮತ್ತು ಅವರ ಕಣ್ಣಿಗೆ; ಪುಟಕ್ಕೆ ನೆರಳು. ಮೊಗಸಾಲೆಯಲ್ಲಿದ್ದ ಬೆತ್ತದ ಕುರ್ಚಿಯನ್ನು ಒಳಗೆ ತಂದು, ಪಕ್ಕದ ಸ್ಟೂಲಿನ ಮೇಲೆ ಮೊಮ್ಮಗನ ಟೇಬಲ್ ಲ್ಯಾಂಪನ್ನು ಇಟ್ಟೆವು. ಆ ರಾತ್ರಿ ಊಟಕ್ಕೆ ಅವರನ್ನು ಮೂರು ಸಲ ಕರೆಯಬೇಕಾಯಿತೆಂದು ಅವರ ಮನೆಯವರು ಮಾರನೆಯ ದಿನ ದೂರಿದರು. ಎಲ್ಲರ ಕಣ್ಣಿನ ತೊಂದರೆಗೂ ದೀಪವೇ ಮದ್ದೆಂದು ನಾನು ಹೇಳುತ್ತಿಲ್ಲ. ವೈದ್ಯರನ್ನು ಕಾಣುವುದು ಮೊದಲು. ಆದರೆ ವೈದ್ಯರು ಸರಿಯಿದೆಯೆಂದ ಕಣ್ಣನ್ನೂ ಕತ್ತಲೆಯಲ್ಲಿ ಕೂರಿಸಿ, ಓದನ್ನೇ ಬಿಟ್ಟವರು ನಮ್ಮ ನಡುವೆ ಎಷ್ಟು ಮಂದಿಯೋ!

ಓದುವ ಆಸನ ಹೇಗಿರಬೇಕು? ಕೂರುವ ಭಾಗ ನೆಲದಿಂದ ಹದಿನೇಳು ಹದಿನೆಂಟು ಅಂಗುಲ ಎತ್ತರವಿದ್ದು, ಇಪ್ಪತ್ತು ಇಪ್ಪತ್ತೊಂದು ಅಂಗುಲ ಆಳವಿದ್ದರೆ ಹೆಚ್ಚಿನವರಿಗೆ ಪಾದ ನೆಲಕ್ಕೆ ಊರುತ್ತದೆ, ಬೆನ್ನು ಒರಗಿಗೆ ತಾಗುತ್ತದೆ. ಮೊಳಕೈ ಊರಲು ಗಟ್ಟಿಯಾದ ತೋಳು ಬೇಕು. ಪುಸ್ತಕದ ಭಾರ ಹೊರುವುದು ಅದೇ. ಈಗ ಬಳಕೆಯಲ್ಲಿರುವ ಆಳವಾದ, ಹೂತುಕೊಳ್ಳುವ ಸೋಫಾ ಮಲಗುವವರಿಗೆ ಹಿತ. ಓದುವವರ ಕತ್ತು ಅದರಲ್ಲಿ ಬಾಗಿಹೋಗುತ್ತದೆ, ವಯಸ್ಸಾದವರಿಗೆ ಏಳುವುದೇ ಒಂದು ಸಾಹಸವಾಗುತ್ತದೆ. ದೀಪವು ಹೆಗಲಿನ ಪಕ್ಕದಲ್ಲಿ, ತುಸು ಹಿಂದಕ್ಕೆ ಇರಲಿ. ಅದರ ಶೇಡಿನ ಕೆಳ ಅಂಚು ಕುಳಿತವರ ಕಣ್ಣಿನ ಮಟ್ಟಕ್ಕೆ, ಎಂದರೆ ನೆಲದಿಂದ ಸುಮಾರು ನಾಲ್ವತ್ತು ಅಂಗುಲಕ್ಕೆ ಬಂದರೆ ಬಲ್ಬು ಕಣ್ಣಿಗೆ ಕಾಣಿಸದು, ಬೆಳಕು ಪುಟಕ್ಕೆ ತಪ್ಪದು. ಬಲಗೈಯಲ್ಲಿ ಬರೆಯುವವರಿಗೆ ದೀಪ ಎಡಕ್ಕಿರಬೇಕು. ಇಲ್ಲವಾದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಬೆಳಕು ಪಕ್ಕದಿಂದ ಬಂದರೆ ದೀಪಾವಳಿ ವಿಶೇಷಾಂಕದ ನುಣುಪು ಕಾಗದವೂ ಕಣ್ಣು ಕೋರೈಸುವುದಿಲ್ಲ.

ಬಲ್ಬು ಬರಿಗಣ್ಣಿಗೆ ಕಾಣಬಾರದೆಂಬ ಈ ಒಂದು ಮಾತಿಗಾಗಿ ಬಹುಪಾಲು ಆಯುಷ್ಯವನ್ನೇ ಕಳೆದವರುಂಟು. ಡೆನ್ಮಾರ್ಕಿನ ಪೌಲ್ ಹೆನಿಂಗ್ಸೆನ್ ವಾಸ್ತುಶಿಲ್ಪಿ, ಲೇಖಕರೂ ಹೌದು. 1920ರ ದಶಕದಲ್ಲಿ ಅವರು ಒಂದರ ಕೆಳಗೊಂದು ಮೂರು ಶೇಡುಗಳನ್ನು ಜೋಡಿಸಿ, ಬಲ್ಬನ್ನು ಮರೆಮಾಡಿ ಬೆಳಕನ್ನು ಮಾತ್ರ ಹೊರಬಿಡುವ ದೀಪವನ್ನು ರೂಪಿಸಿದರು. 1932ರಲ್ಲಿ ಇಂಗ್ಲೆಂಡಿನ ಜಾರ್ಜ್ ಕಾರ್ವರ್ಡೀನ್ ಎಂಬ ವಾಹನ ಎಂಜಿನಿಯರು, ಸ್ಪ್ರಿಂಗುಗಳ ಬಲದಿಂದ ಬೇಕೆಂದಲ್ಲಿ ಬಾಗಿ, ಬಾಗಿದಲ್ಲೇ ನಿಲ್ಲುವ ದೀಪವನ್ನು ತಯಾರಿಸಿದರು. ವಿದ್ಯಾರ್ಥಿಗಳ ಮೇಜಿನ ಮೇಲೆ ಇಂದು ಕಾಣುವ, ಮೊಳಕೈಯುಳ್ಳ ದೀಪಗಳಿಗೆ ಅದೇ ಹಿರಿಯಣ್ಣ.

ಇನ್ನು ಹರಟೆ. ಕೆನಡಾದ ಸಸ್ಕಾಚೆವಾನ್ ಪ್ರಾಂತದ ಆಸ್ಪತ್ರೆಯೊಂದರಲ್ಲಿ 1950ರ ದಶಕದಲ್ಲಿ ರಾಬರ್ಟ್ ಸಾಮರ್ ಎಂಬ ಮನಶ್ಶಾಸ್ತ್ರಜ್ಞರು, ಜನ ಹೇಗೆ ಕುಳಿತಾಗ ಹೆಚ್ಚು ಮಾತನಾಡುತ್ತಾರೆಂದು ಊಟದ ಮೇಜುಗಳನ್ನು ಗಮನಿಸಿ ಲೆಕ್ಕ ಹಾಕಿದರು. ಮೇಜಿನ ಮೂಲೆಯ ಆಚೀಚೆ ಕುಳಿತವರಲ್ಲಿ ನಡೆದ ಮಾತು, ಪಕ್ಕಪಕ್ಕ ಕುಳಿತವರ ಮಾತಿಗಿಂತ ಎರಡು ಪಟ್ಟು. ಎದುರುಬದುರು ಕುಳಿತವರ ಮಾತಿಗಿಂತ ಆರು ಪಟ್ಟು. ನಮ್ಮ ಹಜಾರಗಳಲ್ಲಿ ಮೂವರು ಕೂರುವ ಉದ್ದ ಸೋಫಾದ ಮೇಲೆ ನೆಂಟರು ಬಸ್ಸಿನ ಬೆಂಚಿನವರಂತೆ ಮುಂದಕ್ಕೆ ನೋಡುತ್ತ ಕೂರುವುದನ್ನು ಕಂಡಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ. ಉದ್ದದ ಸೋಫಾಗೆ ಲಂಬವಾಗಿ, ಮೂಲೆಯಲ್ಲಿ ಎರಡು ಒಂಟಿ ಕುರ್ಚಿಗಳನ್ನು ಹಾಕಿದರೆ ಮಾತು ತಾನಾಗಿ ಹುಟ್ಟುತ್ತದೆ. ಆ ಮೂಲೆಯಲ್ಲೇ ಒಂದು ಸಣ್ಣ ಮೇಜು, ಅದರ ಮೇಲೊಂದು ಶೇಡಿನ ದೀಪ. ಅದು ಪಕ್ಕದಿಂದ ಮುಖಗಳನ್ನು ಬೆಳಗುತ್ತದೆ. ನೆತ್ತಿಯಿಂದ ಸುರಿಯುವ ಬೆಳಕಾದರೋ ಕಣ್ಣಿನ ಕುಳಿಯನ್ನು ಕಪ್ಪಾಗಿಸಿ, ಕುಶಲ ವಿಚಾರಿಸಲು ಬಂದ ನೆಂಟನನ್ನು ವಿಚಾರಣೆಗೆ ಬಂದ ಆರೋಪಿಯಂತೆ ಕಾಣಿಸುತ್ತದೆ. ಇಲ್ಲಿ ಓದಿಗೆ ಬೇಕಾದಷ್ಟು ಪ್ರಖರತೆ ಬೇಡ. ಎದುರಿನವರ ನಗು ಕಂಡರೆ ಸಾಕು.

ಟೆಲಿವಿಷನ್ ನೋಡುವ ಆಸನದ ರೀತಿ ಬೇರೆ. ಅದು ಪರದೆಗೆ ನೇರವಾಗಿರಬೇಕು, ತಲೆಗೆ ಒರಗು ಬೇಕು. ಆಸನದ ಹಿಂದೆ ದೀಪವಿದ್ದರೆ ಅದು ಪರದೆಯ ಗಾಜಿನಲ್ಲಿ ಇನ್ನೊಂದು ಚಂದ್ರನಾಗಿ ಮೂಡುತ್ತದೆ. ದೀಪವನ್ನೆಲ್ಲ ಆರಿಸಿ ಗಾಢಾಂಧಕಾರದಲ್ಲಿ ನೋಡುವುದೂ ಕಣ್ಣಿಗೆ ಆಯಾಸವೇ. ಪರದೆಯ ಹಿಂದೆ ಅಥವಾ ಬದಿಯಲ್ಲಿ ಮಂದವಾದ ಒಂದು ದೀಪವಿದ್ದರೆ ಕತ್ತಲೆ-ಬೆಳಕಿನ ಜಗಳ ಶಮನವಾಗುತ್ತದೆ.

ಅಂಗಡಿಯಲ್ಲಿ ದೀಪವನ್ನು ಕೊಳ್ಳುವಾಗ ನಮ್ಮ ಕಾಲದವರು ಇನ್ನೂ ವ್ಯಾಟನ್ನೇ ಕೇಳುತ್ತೇವೆ. ವ್ಯಾಟ್ ಹೇಳುವುದು ದೀಪ ಎಷ್ಟು ಉಣ್ಣುತ್ತದೆಂಬುದನ್ನು. ಎಷ್ಟು ಬೆಳಗುತ್ತದೆಂಬುದನ್ನು ಹೇಳುವುದು ಲ್ಯೂಮೆನ್. ಹಿಂದಿನ 60 ವ್ಯಾಟ್ ಬಲ್ಬು ಕೊಡುತ್ತಿದ್ದ ಸುಮಾರು 800 ಲ್ಯೂಮೆನ್ ಬೆಳಕನ್ನು ಇಂದಿನ ಎಲ್‌ಇಡಿ ಬಲ್ಬು 9 ವ್ಯಾಟಿನಲ್ಲಿ ಕೊಡುತ್ತದೆ. ಓದುವ ಆಸನದ ಪಕ್ಕಕ್ಕೆ ಅಷ್ಟು ಬೇಕು. ಹರಟೆಯ ಮೂಲೆಗೆ ಅದರ ಅರ್ಧ ಸಾಕು. ಡಬ್ಬಿಯ ಮೇಲೆ ಕೆಲ್ವಿನ್ ಎಂಬ ಇನ್ನೊಂದು ಸಂಖ್ಯೆಯಿರುತ್ತದೆ. ಅದು ಬಣ್ಣದ ಸೂಚನೆ. 2700ರಿಂದ 3000ದವರೆಗೆ ಹಣತೆಯ ಕಡೆಗೆ ವಾಲುವ ಹೊಂಬಣ್ಣ. 6500 ಎಂದರೆ ಮಧ್ಯಾಹ್ನದ ನೀಲಿ ಬೆರೆತ ಬಿಳುಪು. ನಮ್ಮ ಕಣ್ಣಿನಲ್ಲಿ ನೋಟಕ್ಕಲ್ಲದೆ, ಮುಖ್ಯವಾಗಿ ಹಗಲಿರುಳಿನ ಅರಿವಿಗೆಂದು ಬೆಳಕನ್ನು ಗ್ರಹಿಸುವ ಜೀವಕೋಶಗಳಿರುವುದನ್ನು ಅಮೆರಿಕದ ಡೇವಿಡ್ ಬರ್ಸನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ನೀಲಿ ಬೆಳಕಿಗೆ ಅವು ಹೆಚ್ಚು ಎಚ್ಚರಗೊಳ್ಳುತ್ತವೆ. ಮಲಗುವ ಮುನ್ನ ಕೂರುವ ಆಸನದ ಬಳಿ ಹೊಂಬಣ್ಣದ ದೀಪವೇ ಲೇಸು ಎನ್ನುವುದಕ್ಕೆ ಹೀಗೆ ಶಾಸ್ತ್ರದ ಆಧಾರವೂ ದೊರೆತಿದೆ.

ಸೋಫಾದ ಬಣ್ಣವೂ ದೀಪದ ಲೆಕ್ಕದೊಳಗೇ ಸೇರಿದ್ದು. ಕಡುಗೆಂಪು, ಕಾಫಿಬಣ್ಣದ ಮಖಮಲ್ಲು ಬೆಳಕನ್ನು ಕುಡಿದುಬಿಡುತ್ತದೆ. ಹೊಳೆಯುವ ರೆಕ್ಸಿನ್ ಅದನ್ನು ಕಣ್ಣಿಗೇ ತಿರುಗಿ ಎಸೆಯುತ್ತದೆ. ಹೊಳಪಿಲ್ಲದ ತಿಳಿಬಣ್ಣದ ಬಟ್ಟೆ, ಹಿಂದೆ ಬಿಳಿಯ ಗೋಡೆ ಇದ್ದರೆ ಸಣ್ಣ ದೀಪವೂ ದೊಡ್ಡ ಕೆಲಸ ಮಾಡುತ್ತದೆ.

“ನಮಗಿರುವುದು ಒಂದೇ ಹಜಾರ, ಓದು, ಹರಟೆ, ಟೆಲಿವಿಷನ್ನು ಎಲ್ಲವೂ ಅಲ್ಲಿಯೇ” ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಕೋಣೆ ಒಂದಾದರೂ ಆಸನಗಳು ಮೂರಿರಲಿ, ದೀಪಗಳು ಮೂರಿರಲಿ, ಅವುಗಳ ಗುಂಡಿಗಳೂ ಬೇರೆ ಬೇರೆಯಾಗಿರಲಿ. ಮನೆ ಕಟ್ಟಿಸುವವರು ಗಾರೆಗೆ ಮೊದಲೇ ನೆಲದ ಮೇಲೆ ಸೋಫಾ, ಕುರ್ಚಿಗಳ ಜಾಗವನ್ನು ಸೀಮೆಸುಣ್ಣದಲ್ಲಿ ಬರೆದು, ಪ್ರತಿಯೊಂದರ ಪಕ್ಕದ ಗೋಡೆಗೂ ಒಂದು ಪ್ಲಗ್ಗು ಕೇಳಲಿ. ಕಟ್ಟಿಸಿ ಮುಗಿಸಿದವರೂ ನಿರಾಶರಾಗಬೇಕಾದುದಿಲ್ಲ. ಇಂದು ಸಂಜೆ ಮನೆಯ ಒಂದೊಂದು ಆಸನದಲ್ಲೂ ಐದೈದು ನಿಮಿಷ ಪತ್ರಿಕೆ ಹಿಡಿದು ಕುಳಿತು ನೋಡಲಿ. ಮನೆಯ ಹಿರಿಯರು ನಿತ್ಯ ಕೂರುವ ಜಾಗದಲ್ಲಿ ಮೊದಲು ಕೂರಲಿ. ಪುಟದ ಮೇಲೆ ನೆರಳು ಎಲ್ಲಿ ಬೀಳುತ್ತದೋ ಅಲ್ಲಿಗೆ ಒಂದು ದೀಪ ಬರಲಿ. ಹೊಸ ಸೋಫಾದ ಮಾತು ಆಮೇಲೆ.