ನಿಮಗಿದು ಗೊತ್ತೆ? ಆ ಹಳೆಯ ಕಾಲುಚೀಲ ಕಡ್ಡಿಯಲ್ಲಿ ಹೆಣೆದದ್ದಲ್ಲ

ಈಜಿಪ್ಟಿನ ಆಂಟಿನೊಪೊಲಿಸ್‌ನಲ್ಲಿ ಸಿಕ್ಕ, ಮಗುವಿನ ಎಡಗಾಲಿನ ಉಣ್ಣೆಯ ಕಾಲುಚೀಲವೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕಾಲ ಸುಮಾರು ಕ್ರಿ.ಶ. 300. ಹೆಬ್ಬೆರಳಿಗೇ ಬೇರೆ ಗೂಡು, ಉಳಿದ ನಾಲ್ಕಕ್ಕೆ ಬೇರೆ. ಬೆರಳ ಸಂದಿಗೆ ಬಾರು ಬರುವ ಚಪ್ಪಲಿಗೆ ಇದು ಅನುಕೂಲ. ಕೆಂಪು, ನೀಲಿ, ಹಳದಿ ಎಂಬ ಮೂರೇ ಸಸ್ಯಬಣ್ಣಗಳಿಂದ ಏಳು ಛಾಯೆಯ ಪಟ್ಟೆ ಮೂಡಿಸಿದ್ದು 2018ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿಯಿತು. ಪುಟ್ಟ ಪಾದಕ್ಕಾಗಿ ಎಷ್ಟೊಂದು ಶ್ರದ್ಧೆ! ಆದರೂ ಇದನ್ನು ಇಂದಿನ ಅರ್ಥದ ಹೆಣಿಗೆ ಎನ್ನಲಾಗದು.

ನೋಡಲು ಒಂದೇ ತರಹ ಇದೆಯಲ್ಲ ಎನ್ನಬಹುದು. ನಿಜ, ಆದರೆ ಮಾಡುವ ಬಗೆಯೇ ಬೇರೆ. ಅಂದಿನವರು ಒಂದೇ ಸೂಜಿಯಲ್ಲಿ ತುಂಡು ನೂಲನ್ನು ಪ್ರತಿ ಕುಣಿಕೆಯ ಮೂಲಕವೂ ಪೂರ್ತಿ ಎಳೆಯುತ್ತಿದ್ದರು. ಮುಗಿದಾಗ ಇನ್ನೊಂದು ತುಂಡು ಸೇರಿಸಬೇಕು. ಕಡ್ಡಿ ಹೆಣಿಗೆಯಲ್ಲಿ ಉಂಡೆಯ ನೂಲನ್ನು ಕತ್ತರಿಸದೆಯೇ ಕುಣಿಕೆಯೊಳಗಿಂದ ಕುಣಿಕೆ ತೆಗೆಯುತ್ತಾರೆ. ಹಳೆಯ ವಿಧಾನದ್ದು ಸುಲಭವಾಗಿ ಬಿಚ್ಚಿಕೊಳ್ಳದು; ಕಡ್ಡಿಯದು ಬಿಚ್ಚಿಕೊಳ್ಳುತ್ತದೆ. ಹಾಗಿದ್ದೂ ಕಡ್ಡಿ ಗೆದ್ದದ್ದೇಕೆ? ವೇಗ ಒಂದು ಕಾರಣ. ಬಿಚ್ಚಿಕೊಳ್ಳುವ ಆ ಗುಣವೇ ಇನ್ನೊಂದು ಎಂಬುದು ನನ್ನ ವಾದ. ಮಗು ಬೆಳೆದರೆ ಚಿಕ್ಕದಾದದ್ದನ್ನು ಬಿಚ್ಚಿ, ಅದೇ ನೂಲಿಗೆ ಇನ್ನಷ್ಟು ಸೇರಿಸಿ ದೊಡ್ಡದನ್ನು ಹೆಣೆಯಬಹುದು; ಬೆರಳ ತುದಿ ಸವೆದರೆ ಅಷ್ಟನ್ನೇ ಬಿಚ್ಚಿ ಮತ್ತೆ ಹೆಣೆಯಬಹುದು. ಉಣ್ಣೆ ದುಬಾರಿಯಾದ ಮನೆಗೆ ಇದು ಸಣ್ಣ ಲಾಭವಲ್ಲ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಹೆಣಿಗೆ ಯಂತ್ರ ಕಂಡುಹಿಡಿದ ಮೇಲೆ ಕೈಕೆಲಸಕ್ಕೆ ಅರ್ಥವೇನು ಎಂದರೆ, ಆ ಯಂತ್ರ ಹೆಣೆದದ್ದು ಚಪ್ಪಟೆ ತುಂಡನ್ನು. ಅದನ್ನು ಹೊಲಿದು ಕೂಡಿಸಬೇಕಿತ್ತು. ನಾಲ್ಕೈದು ಕಡ್ಡಿಗಳಲ್ಲಿ ಸುತ್ತಾಗಿ ಹೆಣೆದ ಕಾಲುಚೀಲದಲ್ಲಿ ಪಾದಕ್ಕೆ ಒತ್ತುವ ಹೊಲಿಗೆಯೇ ಇಲ್ಲ.