ವಿದೇಶ ಪ್ರಯಾಣದಲ್ಲಿ ಬ್ಯಾಂಕ್ ಕಾರ್ಡ್ ಶುಲ್ಕ: ನಾಗರಿಕರಿಗೆ ಮಾಹಿತಿ

ಮಹಾಕೂಟ, ಬಾದಾಮಿ ಭಾಗದಿಂದ ವಿದೇಶಕ್ಕೆ ತೆರಳುವವರು ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ಹೊರಡುವ ಮುನ್ನವೇ ಬ್ಯಾಂಕಿನಲ್ಲಿ ಸಕ್ರಿಯಗೊಳಿಸಿಕೊಳ್ಳತಕ್ಕದ್ದು. ಭಾರತೀಯ ರಿಸರ್ವ್ ಬ್ಯಾಂಕಿನ 2020ರ ನಿರ್ದೇಶನದನ್ವಯ ಹೊಸ ಕಾರ್ಡುಗಳನ್ನು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ನೀಡಲಾಗುತ್ತದೆ.

ಬಾದಾಮಿಯಲ್ಲಿ ಅನ್ಯ ಬ್ಯಾಂಕಿನ ಎ.ಟಿ.ಎಂ. ಬಳಸಿದರೂ ಉಳಿತಾಯ ಖಾತೆದಾರರಿಗೆ ತಿಂಗಳಿಗೆ 5 ವ್ಯವಹಾರಗಳು ಉಚಿತ. ವಿದೇಶದಲ್ಲಿ ಈ ಸೌಲಭ್ಯ ಅನ್ವಯಿಸುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಪ್ರತಿ ಬಾರಿಯೂ ಶುಲ್ಕ ಬೀಳುವುದರಿಂದ ಅಗತ್ಯ ಮೊತ್ತವನ್ನು ಒಮ್ಮೆಗೇ ಪಡೆಯುವುದು ಲೇಸು.

ಅರಿಯದೆ ಆಗುವ ನಷ್ಟ ಬೇರೊಂದಿದೆ. ಮೊತ್ತವನ್ನು ರೂಪಾಯಿಯಲ್ಲಿ ಲೆಕ್ಕ ಹಾಕಬೇಕೇ ಎಂದು ಅಲ್ಲಿನ ಯಂತ್ರ ಕೇಳುವುದುಂಟು. ಪರಿಚಿತ ನಾಣ್ಯವೆಂದು ಒಪ್ಪಿದಲ್ಲಿ ವಿನಿಮಯ ದರವನ್ನು ಯಂತ್ರದ ಕಡೆಯವರೇ ನಿಗದಿಪಡಿಸುತ್ತಾರೆ. ಅದು ಬಹುತೇಕ ದುಬಾರಿ. ಆದ್ದರಿಂದ ಆ ದೇಶದ ಕರೆನ್ಸಿಯನ್ನೇ ಆಯ್ದುಕೊಳ್ಳುವುದು. ಆಗಲೂ ತಮ್ಮ ಬ್ಯಾಂಕಿನ ವಿನಿಮಯ ಶುಲ್ಕವಿರುತ್ತದೆ: ಅದು ಶೇ. 3.5 ಇದ್ದಲ್ಲಿ 20,000 ರೂ.ಗಳಿಗೆ 700 ರೂ., ಮೇಲೆ ಜಿ.ಎಸ್.ಟಿ. ಕ್ರೆಡಿಟ್ ಕಾರ್ಡಿನಿಂದ ನಗದು ಪಡೆದಲ್ಲಿ ಸಾಮಾನ್ಯವಾಗಿ ಅಂದಿನಿಂದಲೇ ಬಡ್ಡಿ ಆರಂಭವಾಗುತ್ತದೆ.