ಐದು ವರ್ಷ, ಐದು ಕಪ್, ದಿನಕ್ಕೊಂದು ರೂಪಾಯಿ

1950, 1951, 1952, 1953, 1954. ಬೊಂಬಾಯಿಯ ರೋವರ್ಸ್ ಕಪ್ ಗೆದ್ದವರ ಪಟ್ಟಿಯ ಮೇಲೆ ಬೆರಳಿಟ್ಟು ಇಳಿಯುತ್ತಾ ಹೋದೆ. ಐದೂ ಸಾಲಿನಲ್ಲಿ ಒಂದೇ ಹೆಸರು: ಹೈದರಾಬಾದ್ ಸಿಟಿ ಪೊಲೀಸ್. ಅಚ್ಚಿನ ದೋಷವೇ ಇರಬೇಕೆಂದು ಮತ್ತೆ ನೋಡಿದೆ. ದೋಷವಲ್ಲ! ಫುಟ್‌ಬಾಲ್ ಎಂದರೆ ಕಲ್ಕತ್ತೆ ಎಂದು ದೇಶವೇ ನಂಬಿದ್ದ ಕಾಲದಲ್ಲಿ, ಪೊಲೀಸ್ ಇಲಾಖೆಯ ಸಂಬಳದಲ್ಲಿದ್ದ ಒಂದಿಷ್ಟು ಹುಡುಗರು ಆ ಕಪ್ಪನ್ನು ಸತತ ಐದು ವರ್ಷ ಮುಸಿ ನದಿಯ ದಂಡೆಗೆ ಹೊತ್ತು ತಂದಿದ್ದರು. ಸಾಲದ್ದಕ್ಕೆ 1950ರಲ್ಲೇ ಮೋಹನ್ ಬಗಾನ್ ತಂಡವನ್ನು ಸೋಲಿಸಿ ಡ್ಯುರಾಂಡ್ ಕಪ್ಪನ್ನೂ ಗೆದ್ದಿದ್ದರು.

ಇನ್ನೊಂದು ಸಂಗತಿ ಹೊಳೆದಾಗ ಮಾತ್ರ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆ ಐದೂ ವರ್ಷ ಬೀದರ್, ಕಲಬುರಗಿ, ರಾಯಚೂರು ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ! ಅವು ಕನ್ನಡ ನಾಡಿಗೆ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ನಮ್ಮ ಕಲ್ಯಾಣ ಕರ್ನಾಟಕದ ಅಜ್ಜಂದಿರ ಪಾಲಿಗೆ ಇದು ಪರರಾಜ್ಯದ ತಂಡವಲ್ಲ, ತಮ್ಮದೇ ರಾಜಧಾನಿಯ ತಂಡ. 1950ರ ರೋವರ್ಸ್ ಫೈನಲ್‌ನಲ್ಲಿ ಅದಕ್ಕೆ ಎದುರಾಗಿದ್ದು ಯಾರು ಗೊತ್ತೆ? ಬೆಂಗಳೂರಿನ ಆರ್ಯನ್ ಜಿಮ್ಖಾನಾ! ಒಬ್ಬ ಕನ್ನಡಿಗ ಯಾವ ಕಡೆ ನಿಂತು ಚಪ್ಪಾಳೆ ತಟ್ಟಬೇಕಿತ್ತೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಈ ಪೊಲೀಸರ ಹೆಸರು ಮೊದಲು ಮೇಲೆದ್ದದ್ದೂ ಬೆಂಗಳೂರಿನಲ್ಲೇ. 1943ರ ಆ್ಯಶ್ ಗೋಲ್ಡ್ ಕಪ್‌ನಲ್ಲಿ ಅವರು ಬ್ರಿಟಿಷರ ರಾಯಲ್ ಏರ್‌ಫೋರ್ಸ್ ತಂಡವನ್ನು ಮಣಿಸಿದ್ದರು.

ಪೊಲೀಸ್ ಇಲಾಖೆ ಆಟಗಾರರನ್ನು ಸಾಕಿದಂತೆ ಅಮೆರಿಕದಲ್ಲೂ ಆಗಿತ್ತು. ಅವರ ಫುಟ್‌ಬಾಲೇ ಬೇರೆ, ಅದು ಕೈಯಲ್ಲಿ ಹಿಡಿದು ಓಡುವ ಆಟ. 1919ರಲ್ಲಿ ಗ್ರೀನ್ ಬೇ ಎಂಬ ಸಣ್ಣ ಊರಿನ ಹುಡುಗರಿಗೆ ಜೆರ್ಸಿ ಕೊಳ್ಳಲು ದುಡ್ಡು ಕೊಟ್ಟದ್ದು ಮಾಂಸ ಪ್ಯಾಕ್ ಮಾಡುವ ಒಂದು ಕಂಪನಿ. ಕಂಪನಿ ಈಗಿಲ್ಲ, ‘ಪ್ಯಾಕರ್ಸ್’ ಹೆಸರು ಮಾತ್ರ ಈಗಲೂ ಮೆರೆಯುತ್ತಿದೆ. ಅಲ್ಲಿ ಮಾಂಸದ ಡಬ್ಬಿ, ಇಲ್ಲಿ ಲಾಠಿ. ಆಟ ಹೊಟ್ಟೆ ತುಂಬಿಸದಿದ್ದ ಕಾಲದಲ್ಲಿ ಆಟಗಾರನ ಅನ್ನದ ದಾರಿ ಅದೇ.

ಹೈದರಾಬಾದ್ ಪೊಲೀಸರ ಈ ಗೆಲುವುಗಳ ಹಿಂದೆ ಕೋಚ್ ಆಗಿ ಇದ್ದವರು ಒಬ್ಬ ಮೇಷ್ಟ್ರು! ಸೈಯದ್ ಅಬ್ದುಲ್ ರಹೀಂ, ಹುಟ್ಟಿದ್ದು 1909ರಲ್ಲಿ, ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಬೆಂಗಳೂರಿನಿಂದ ರೈಲು ಹತ್ತಿದವರು ಕಣ್ಣುಜ್ಜಿಕೊಂಡು ಇಳಿಯುತ್ತಾರಲ್ಲ, ಆ ಕಾಚಿಗುಡದ ಶಾಲೆಯಲ್ಲೂ ಅವರು ಪಾಠ ಹೇಳಿದ್ದಾರೆ. ಮೈದಾನದಲ್ಲೂ ಮೇಷ್ಟ್ರೇ. ಎಡಗಾಲು ಮಂದವೆ? ಹಾಗಾದರೆ ಬರೀ ಎಡಗಾಲಲ್ಲೇ ಆಡಬೇಕಾದ ಒಂದು ಟೂರ್ನಿ! ಚೆಂಡು ಸಿಕ್ಕರೆ ಬಿಡದೆ ಉರುಳಿಸಿಕೊಂಡು ಓಡುವ ಚಟವೆ? ಹಾಗಾದರೆ ಡ್ರಿಬ್ಲಿಂಗ್ ನಿಷಿದ್ಧವಾದ ಇನ್ನೊಂದು ಟೂರ್ನಿ! ಚೆಂಡು ಬಂದ ಕ್ಷಣವೇ ಪಕ್ಕದವನಿಗೆ ದಾಟಿಸಬೇಕು. ಕಾಪಿ ಬರೆಸಿ ಬರೆಸಿ ಅಕ್ಷರ ತಿದ್ದಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಯೂರೋಪಿನಿಂದ ಇಳಿಸಿಕೊಂಡ ಯಾವ ತರಬೇತಿಗಿಂತಲೂ ಈ ಕಾಪಿಪುಸ್ತಕವೇ ದೊಡ್ಡದು ಎಂಬುದು ನನ್ನ ಹಟ.

ಫಲ ಬೇಕೆ? ರಹೀಂ ಕೋಚ್ ಆಗಿದ್ದಾಗ ಭಾರತ 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂತು. ಅಜೀಜುದ್ದೀನ್, ನೂರ್ ಮೊಹಮ್ಮದ್, ಕಣ್ಣನ್, ಜುಲ್ಫಿಕರುದ್ದೀನ್ ಎಂದು ಆ ತಂಡದ ತುಂಬ ಹೈದರಾಬಾದಿಗಳು. ಜೊತೆಗೆ ನಮ್ಮ ಕರ್ನಾಟಕದ ಕೆಂಪಯ್ಯ! 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ. ಅಷ್ಟು ಹೊತ್ತಿಗೆ ರಹೀಂ ಸಾಹೇಬರನ್ನು ಕ್ಯಾನ್ಸರ್ ತಿನ್ನುತ್ತಿತ್ತು. 1963ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅವರ ಕತೆ ಹಿಂದಿಯ ‘ಮೈದಾನ್’ ಸಿನಿಮಾ ಆಗಿ ತೆರೆಗೆ ಬಂದದ್ದು 2024ರಲ್ಲಿ.

ನನ್ನನ್ನು ಕಾಡುವುದು ಮಾತ್ರ ಪದಕಗಳಲ್ಲ, ಒಂದು ಬಾಡಿಗೆ ಸೈಕಲ್ಲು. ಸಿಕಂದರಾಬಾದಿನ ಆಚೆ ಅಮ್ಮುಗುಡ ಎಂಬ ಹಳ್ಳಿ. ಅಲ್ಲೊಬ್ಬ ಬಡ ಹುಡುಗ, ತುಳಸೀದಾಸ್ ಬಲರಾಮ್. ಪೊಲೀಸರು ಸವೆಸಿ ಬಿಸಾಡಿದ ಬೂಟುಗಳನ್ನೇ ಚಮ್ಮಾರನ ಕೈಲಿ ಆಟದ ಬೂಟಾಗಿ ಹೊಲಿಸಿಕೊಂಡವನು. ರಹೀಂ ಅವನ ಆಟ ನೋಡಿದರು, ಹೈದರಾಬಾದಿಗೆ ಅಭ್ಯಾಸಕ್ಕೆ ಬಾ ಎಂದರು. ಬರಲು ಕಾಸಿಲ್ಲ ಎಂದ ಹುಡುಗ. ಮೇಷ್ಟ್ರು ಜೇಬಿಗೆ ಕೈ ಹಾಕಿದರು. ಸೈಕಲ್ ಬಾಡಿಗೆಗೆಂದು ದಿನಕ್ಕೊಂದು ರೂಪಾಯಿ! ಬಲರಾಮ್ ಆ ಸೈಕಲ್ ತುಳಿದುಕೊಂಡು ಬಂದ, ಹೈದರಾಬಾದ್ ರಾಜ್ಯ ತಂಡ ಸೇರಿದ, ಮೆಲ್ಬರ್ನ್‌ಗೂ ಹೋದ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಎದುರಿಗಿದ್ದದ್ದು ಯೂರೋಪಿನ ಹುಲಿ ಹಂಗೇರಿ. ಭಾರತ 2-1ರಿಂದ ಸೋತಿತು ನಿಜ. ಆದರೆ ನಮ್ಮ ಆ ಒಂದು ಗೋಲು ಹೊಡೆದವನು ಅಮ್ಮುಗುಡದ ಬಲರಾಮ್!